ಒಂದು ಸಾಲಿನ ಕೋಡ್ ಹಾಕಿದ್ರೆ ಕೇಸ್ ನಿಲ್ತದಾ?

(ಕುಂಬಳೆಯ ಓದುಗರೊಬ್ಬರ ಪತ್ರದ ಸಾರ: ನಾವಿಬ್ಬರು ಸೇರಿ ಅಮೆರಿಕದ ಸಣ್ಣ ಅಂಗಡಿಗಳಿಗೆ ಆನ್‌ಲೈನ್ ಸ್ಟೋರ್ ಮಾಡಿಕೊಡ್ತೇವೆ. ಒಬ್ಬ ಕ್ಲೈಂಟಿಗೆ ನ್ಯೂಯಾರ್ಕಿನ ವಕೀಲರಿಂದ ನೋಟಿಸ್ ಬಂದಿದೆ, ಕಣ್ಣು ಕಾಣದವರಿಗೆ ನಿಮ್ಮ ಸೈಟ್ ಬಳಸ್ಲಿಕ್ಕೆ ಆಗುದಿಲ್ಲ ಅಂತ. ಸೈಟ್ ಮಾಡಿದ್ದು ನೀವು, ಖರ್ಚು ನೀವೇ ಕೊಡಿ ಅಂತಾನೆ ಕ್ಲೈಂಟ್. ತಿಂಗಳಿಗಿಷ್ಟು ಡಾಲರ್ ಕೊಟ್ಟು ಒಂದು ಸಾಲಿನ ಕೋಡ್ ಹಾಕಿದ್ರೆ ಎಲ್ಲ ಸರಿಯಾಗ್ತದೆ ಅಂತ ಜಾಹೀರಾತು ನೋಡಿದೆ, ಹಾಕ್ಲಾ? ಇದು ವಕೀಲರ ದಂಧೆ ಅಲ್ವಾ? ಇಂಡಿಯಾದಲ್ಲೂ ಹೀಗೆ ಬರ್ತದಾ? ಸೈಟೇ ಬಂದ್ ಮಾಡಿದ್ರೆ ಮುಗೀತಾ?)

ಹಾಕ್ಬೇಡಿ ಮಾರಾಯ್ರೆ. ಉಳಿದದ್ದು ಆಮೇಲೆ ಹೇಳ್ತೇನೆ, ಮೊದಲು ಆ ಕೋಡಿನ ವಿಷಯ ಮುಗಿಸುವ. ಸೈಟಿನ ಮೂಲೆಯಲ್ಲಿ ಗಾಲಿಕುರ್ಚಿಯದ್ದೋ ಮನುಷ್ಯನದ್ದೋ ಒಂದು ಗುಂಡು ಚಿತ್ರ ಬರ್ತದಲ್ಲ, ಒತ್ತಿದ್ರೆ ಅಕ್ಷರ ದೊಡ್ಡದಾಗುದು, ಬಣ್ಣ ಬದಲಾಗುದು, ಅದೇ ಅದು. ಕಣ್ಣು ಕಾಣದವರ ಫೋನಲ್ಲಿ, ಕಂಪ್ಯೂಟರಲ್ಲಿ ಓದಿ ಹೇಳುವ ಸಾಫ್ಟ್‌ವೇರ್ ಮೊದಲೇ ಇರ್ತದೆ, ಅವರಿಗೆ ನಿಮ್ಮ ಗುಂಡು ಬಟನ್ನಿಂದ ಎಂತದೂ ಆಗ್ಬೇಕಾದ್ದಿಲ್ಲ, ಎಷ್ಟೋ ಸಲ ಅದೇ ಅಡ್ಡ ಬರ್ತದೆ. ಒಳಗಿನ ಕೋಡ್ ಹಾಳಿದ್ರೆ ಮೇಲಿಂದ ಇದು ಸೋರುವ ಮಾಡಿಗೆ ಪೈಂಟ್ ಹೊಡೆದ ಹಾಗೆ. ಇಂಥದ್ದನ್ನು ಮಾರುವ ಆಕ್ಸೆಸಿಬಿ ಅನ್ನುವ ಕಂಪೆನಿ, ನಮ್ಮ ಎಐ ಯಾವ ಸೈಟನ್ನೂ ನಿಯಮಕ್ಕೆ ಸರಿ ಮಾಡ್ತದೆ ಅಂತ ಹೇಳಿಕೊಂಡದ್ದಕ್ಕೆ ಅಮೆರಿಕದಲ್ಲಿ ಗ್ರಾಹಕರ ಹಿತ ನೋಡುವ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿತು. ಆ ಬಟನ್ ಇದ್ದ ಸೈಟುಗಳ ಮೇಲೂ ಬೇಕಾದಷ್ಟು ಕೇಸ್ ಬಿದ್ದಿದೆ.

ದಂಧೆ ಅಲ್ವಾ ಅಂದ್ರೆ, ಸ್ವಲ್ಪ ಹೌದು. ಅಲ್ಲಿಯ ಎಡಿಎ ಅನ್ನುವ, ಅಂಗವಿಕಲರ ಹಕ್ಕಿನ 1990ರ ಕಾನೂನಲ್ಲಿ ಖಾಸಗಿಯಾಗಿ ಕೇಸ್ ಹಾಕಿದವರಿಗೆ ಪರಿಹಾರದ ದುಡ್ಡಿಲ್ಲ, ಸೈಟ್ ಸರಿ ಮಾಡಿ ಅನ್ನುವ ಆದೇಶ ಮತ್ತೆ ವಕೀಲರ ಫೀಸು, ಅಷ್ಟೇ. ಆದ್ರೆ ರಾಜ್ಯದ ಕಾನೂನು ಬೇರೆ ಉಂಟು, ಕ್ಯಾಲಿಫೋರ್ನಿಯಾದಲ್ಲಿ ಒಂದು ಉಲ್ಲಂಘನೆಗೆ ಕಮ್ಮಿ ಅಂದ್ರೂ 4,000 ಡಾಲರ್. ಹಾಗಾಗಿ ಕೆಲವೇ ವಕೀಲರ ಆಫೀಸುಗಳು ಹೆಸರು ಮಾತ್ರ ಬದಲಿಸಿ ಒಂದೇ ನಮೂನೆಯ ಅರ್ಜಿಯನ್ನು ಹತ್ತಾರು ಅಂಗಡಿಗಳ ಮೇಲೆ ಹಾಕ್ತವೆ, ಫೆಡರಲ್ ಕೋರ್ಟುಗಳಲ್ಲೇ ಈಚೆಗೆ ವರ್ಷಕ್ಕೆ ಎರಡು ಸಾವಿರಕ್ಕಿಂತ ಮೇಲೆ ಇಂಥ ಕೇಸ್. ಆದ್ರೆ ಅಷ್ಟಕ್ಕೇ ಎಲ್ಲ ಸುಳ್ಳು ಅನ್ಲಿಕ್ಕೆ ನಾನು ತಯಾರಿಲ್ಲ. ಡೊಮಿನೋಸ್ ಕೇಸ್ ನೋಡಿ, ಗಿಯೆರ್ಮೊ ರೋಬ್ಲೆಸ್ ಅಂತ ಕಣ್ಣು ಕಾಣದ ಒಬ್ಬರು, ಸೈಟಲ್ಲೂ ಆ್ಯಪಲ್ಲೂ ತನಗೆ ಬೇಕಾದ ಪಿಜ್ಜಾ ಆರ್ಡರ್ ಮಾಡ್ಲಿಕ್ಕೆ ಆಗ್ಲಿಲ್ಲ ಅಂತ 2016ರಲ್ಲಿ ಕೋರ್ಟಿಗೆ ಹೋದ್ರು. ಸರಕಾರ ವೆಬ್‌ಸೈಟಿಗೆ ಅಂತ ನಿಯಮವೇ ಮಾಡ್ಲಿಲ್ಲ, ನಾವೆಂತ ಪಾಲಿಸುದು ಅಂತ ಕಂಪೆನಿ ವಾದ ಮಾಡಿತು. ಮೇಲಿನ ಕೋರ್ಟು 2019ರ ಜನವರಿಯಲ್ಲಿ ಆ ವಾದ ಒಪ್ಲಿಲ್ಲ, ಅಕ್ಟೋಬರಲ್ಲಿ ಸುಪ್ರೀಂ ಕೋರ್ಟು ಕಂಪೆನಿಯ ಅರ್ಜಿಯನ್ನು ತೆಗೆದುಕೊಳ್ಳಲೇ ಇಲ್ಲ. ಪಿಜ್ಜಾ ತಾನೆ ಅಂತ ನಗಬಹುದು, ಆದ್ರೆ ದುಡ್ಡು ಕೈಯಲ್ಲಿದ್ದೂ ತಾನಾಗಿ ತೆಗೆದುಕೊಳ್ಳಲಿಕ್ಕೆ ಆಗದಿದ್ರೆ ಹೇಗಾಗ್ತದೆ ಅಂತ ನೋಡ್ಬೇಕಿದ್ರೆ ನಿಮ್ಮದೇ ಸೈಟಲ್ಲಿ ಈಗ್ಲೇ ಒಂದು ಪರೀಕ್ಷೆ ಮಾಡಿ.

ಮೌಸನ್ನು ಬಿಚ್ಚಿಡಿ. ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀ, ಹೀಗೆ ಕೀಬೋರ್ಡಲ್ಲೇ ಒಂದು ಐಟಂ ಹುಡುಕಿ, ಸೈಜ್ ಆರಿಸಿ, ಕಾರ್ಟಿಗೆ ಹಾಕಿ, ಅಡ್ರೆಸ್ ತುಂಬಿಸಿ, ಪೇಮೆಂಟ್ ವರೆಗೆ ಹೋಗಿ. ಎಲ್ಲಿ ಸಿಕ್ಕಿಕೊಳ್ತೀರಿ ಅಂತ ನಾನು ಈಗ್ಲೇ ಹೇಳ್ತೇನೆ, ಹತ್ತು ಪರ್ಸೆಂಟ್ ಡಿಸ್ಕೌಂಟ್ ಅಂತ ಎದ್ದು ಬರುವ ಪಾಪ್‌ಅಪ್ಪಲ್ಲಿ! ಅದನ್ನು ಕ್ಲೋಸ್ ಮಾಡುವ ಇಂಟುಮಾರ್ಕಿಗೆ ಕೀಬೋರ್ಡಿಂದ ಹೋಗ್ಲಿಕ್ಕೇ ಆಗುದಿಲ್ಲ, ಅದರ ಹಿಂದೆ ಅಡಗಿದ ಪುಟಕ್ಕೂ ಹೋಗ್ಲಿಕ್ಕಿಲ್ಲ. ಆಮೇಲೆ ಎನ್‌ವಿಡಿಎ ಅನ್ನುವ ಓದಿ ಹೇಳುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಫ್ರೀ ಸಿಗ್ತದೆ, ಸ್ಕ್ರೀನ್ ಆಫ್ ಮಾಡಿ ಕಿವಿಯಲ್ಲೇ ಕೇಳಿ. ಬಟನ್, ಬಟನ್, ಲಿಂಕ್, ಇಮೇಜ್ ಅಂತ ಮಾತ್ರ ಕೇಳಿದ್ರೆ ಕಾರ್ಟ್ ಯಾವುದು, ಸರ್ಚ್ ಯಾವುದು ಅಂತ ಯಾರಿಗೆ ಗೊತ್ತಾಗ್ತದೆ? ಹೆಸರಿಲ್ಲದ ಬಟನ್, ವಿವರಣೆ ಇಲ್ಲದ ಫೋಟೊ, ಲೇಬಲ್ ಇಲ್ಲದ ಫಾರ್ಮ್, ಬೂದು ಬಣ್ಣದ ಮಂಕು ಅಕ್ಷರ, ನೋಟಿಸುಗಳಲ್ಲಿ ಹೆಚ್ಚಾಗಿ ಕಾಣುದು ಇವೇ. ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1ರಷ್ಟಾದ್ರೂ ಕಾಂಟ್ರಾಸ್ಟ್, ಅಂದ್ರೆ ಬೆಳಕಿನ ವ್ಯತ್ಯಾಸ ಬೇಕು. ಚೆಕ್ ಮಾಡುವ ಟೂಲುಗಳು ಉಂಟು, ಬಳಸಿ, ಆದ್ರೆ ಅವು ಫೋಟೊಗೆ ವಿವರಣೆ ಉಂಟಾ ಅಂತ ನೋಡ್ತವೆ, ಆ ವಿವರಣೆ "ಐಎಂಜಿ 4532" ಅಂತಿದ್ರೂ ಪಾಸ್ ಕೊಟ್ಟಾವು. ಕಣ್ಣು ಕಾಣದ ಒಬ್ಬರಿಗೆ ಫೀಸು ಕೊಟ್ಟು ಸೈಟ್ ಬಳಸಿ ನೋಡಿ ಅನ್ನಿ, ಆ ಬಟನ್ನಿನ ಚಂದಾಕ್ಕಿಂತ ಇದು ನೂರು ಪಾಲು ಉಪಯೋಗ.

ಕ್ಲೈಂಟಿನ ವಿಷಯ. ಅಮೆರಿಕದ ಆ ಎಡಿಎ ಕಾನೂನು ಮುಖ್ಯವಾಗಿ ಹಿಡಿಯುದು ವ್ಯಾಪಾರ ನಡೆಸುವವನನ್ನು, ನಿಮ್ಮ ತಲೆಗೆ ಬರುದು ನೀವು ಸೈನ್ ಮಾಡಿದ ಕಾಂಟ್ರಾಕ್ಟಿನಿಂದ. ಹಾಗಾಗಿ ಆ ಕಾಗದ ಈಗ್ಲೇ ಹುಡುಕಿ ಓದಿ, ನಷ್ಟ ಆದ್ರೆ ನಾವು ತುಂಬಿಕೊಡ್ತೇವೆ ಅಂತ ಎಲ್ಲಾದ್ರೂ ಬರೆದುಕೊಟ್ಟಿದ್ದೀರಾ ಅಂತ ನೋಡಿ, ವಾಟ್ಸಾಪಲ್ಲಿ ತಪ್ಪಾಯ್ತು ಸರ್ ಅಂತೆಲ್ಲ ಈಗ ಬರೆಯಲಿಕ್ಕೆ ಹೋಗ್ಬೇಡಿ. ಕ್ಲೈಂಟಿಗೂ ಹೇಳಿ, ನೋಟಿಸನ್ನು ಡ್ರಾಯರಿಗೆ ತಳ್ಳಿ ಕೂರುವ ಹಾಗಿಲ್ಲ, ಅಲ್ಲಿನದೇ ವಕೀಲರನ್ನು ನೋಡ್ಬೇಕು, ಫೆಡರಲ್ ಕೋರ್ಟಿನ ಸಮನ್ಸ್ ಕೈಗೆ ಸಿಕ್ಕಿದ್ರೆ ಸಾಮಾನ್ಯವಾಗಿ 21 ದಿನದೊಳಗೆ ಉತ್ತರ ಕೊಡ್ಬೇಕು. ಇನ್ನು ಮುಂದಿನ ಕೆಲಸಗಳಿಗೆ, ಡಬ್ಲ್ಯುಸಿಎಜಿ 2.1 (ಅಂಗವಿಕಲರೂ ಬಳಸುವ ಹಾಗೆ ಸೈಟ್ ಹೇಗಿರ್ಬೇಕು ಅನ್ನುವ ಅಂತಾರಾಷ್ಟ್ರೀಯ ಮಾನದಂಡ), ಡಬಲ್ ಎ ಮಟ್ಟಕ್ಕೆ ಇಂಥ ತಾರೀಕಿಗೆ ಟೆಸ್ಟ್ ಮಾಡಿ ಒಪ್ಪಿಸಿದ್ದೇವೆ, ಆಮೇಲೆ ನೀವು ಹಾಕುವ ಫೋಟೊ, ನೀವು ಸೇರಿಸುವ ಪ್ಲಗಿನ್ ನಿಮ್ಮ ಜವಾಬ್ದಾರಿ, ಅಂತ ಬರೆಸಿ. ಅದಕ್ಕೆ ಬೇರೆ ರೇಟ್ ಹಾಕಿ. ಕಮ್ಮಿ ರೇಟಿಗೆ ಮಾಡಿಕೊಡುವ ಆಸೆಗೆ ಟೆಸ್ಟಿಂಗನ್ನೇ ಬಿಟ್ಟುಬಿಡುದು ನಮ್ಮ ಕಡೆಯ ರೋಗ, ಬೇಜಾರು ಮಾಡ್ಬೇಡಿ.

ಇಂಡಿಯಾದಲ್ಲಿ ಬರ್ತದಾ ಅಂದ್ರಿ. ಬಂದಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿಯವರಿಗೂ ಲಾಗು, ಮೊದಲ ಸಲಕ್ಕೆ 10 ಸಾವಿರ ರೂಪಾಯಿ ವರೆಗೆ ದಂಡ, ಮತ್ತೆ ಮಾಡಿದ್ರೆ 50 ಸಾವಿರದಿಂದ 5 ಲಕ್ಷ. ರಾಜೀವ್ ರತೂರಿ ಕೇಸಲ್ಲಿ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ನಿಯಮಗಳನ್ನು ಬರೀ ಸಲಹೆ ಅಂತ ಇಟ್ರೆ ಆಗ್ಲಿಕ್ಕಿಲ್ಲ, ಕಡ್ಡಾಯ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. 2025ರ ಏಪ್ರಿಲ್ 30ಕ್ಕೆ ಇನ್ನೊಂದು ತೀರ್ಪು, ಬ್ಯಾಂಕಿನ ಕೆವೈಸಿಯಲ್ಲಿ ಕ್ಯಾಮೆರಾ ಎದುರು ಕಣ್ಣು ಮಿಟುಕಿಸಿ ಅಂತಾರಲ್ಲ, ಆ್ಯಸಿಡ್ ದಾಳಿಯಲ್ಲಿ ಮುಖ ಸುಟ್ಟವರು ಎಂತ ಮಿಟುಕಿಸುದು? ಡಿಜಿಟಲ್ ಸೌಕರ್ಯ ಸಿಗುದು ಜೀವಿಸುವ ಹಕ್ಕಿನದ್ದೇ ಭಾಗ ಅಂತ ಅದರಲ್ಲಿ ಕೋರ್ಟು ಹೇಳಿದೆ. ಪತ್ರದಲ್ಲಿ "ಯಾರೋ ನಾಲ್ಕು ಜನಕ್ಕೋಸ್ಕರ" ಅಂತ ಒಂದು ಕಡೆ ಬರೆದಿದ್ದೀರಿ. ಎಷ್ಟೋ ಮಕ್ಕಳನ್ನು ಅಂಗವಿಕಲರಾಗಿಸಿದ ಎಂಡೋಸಲ್ಫಾನ್ ಕೀಟನಾಶಕ ಕಾಸರಗೋಡಿನ ಎಣ್ಮಕಜೆಯಲ್ಲಿ, ಪಡ್ರೆಯಲ್ಲಿ ಎಷ್ಟು ಮನೆ ಹೊಕ್ಕಿದೆ ಅಂತ ಕಂಡ ಜಿಲ್ಲೆಯವರು ನಾವು, ಆ ಮಾತು ನಮ್ಮ ಬಾಯಲ್ಲಿ ಬರಬಾರದಿತ್ತು.

ನೀವು ಊರಿನವರಿಗೂ ಸೈಟ್ ಮಾಡಿಕೊಡ್ತೀರಲ್ಲ, ಅದಕ್ಕೆ ಇನ್ನೊಂದು. ನಮ್ಮಲ್ಲಿ ಒಂದೇ ಪುಟದಲ್ಲಿ ಕನ್ನಡವೂ ಮಲಯಾಳವೂ ಇರ್ತದೆ, ಯಾವ ಪ್ಯಾರಾ ಯಾವ ಭಾಷೆ ಅಂತ ಕೋಡಲ್ಲಿ ಗುರುತು ಹಾಕದಿದ್ರೆ ಓದುವ ಸಾಫ್ಟ್‌ವೇರ್ ತಪ್ಪು ಭಾಷೆಯ ದನಿಯಲ್ಲಿ ಓದ್ಲಿಕ್ಕೆ ಹೊರಡ್ತದೆ, ಇಲ್ಲಾ ಅಷ್ಟನ್ನು ಬಿಟ್ಟೇ ಹೋಗ್ತದೆ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸದೆ ಹಾಕಿದ್ರೆ ಕಣ್ಣಿಗೆ ಕನ್ನಡ, ಒಳಗೆ ಬರೀ ಇಂಗ್ಲಿಷ್ ಅಕ್ಷರದ ಕಿಚಡಿ, ಕೇಳುವವರಿಗೆ ಮಂಡೆಬಿಸಿ. ದೇವಸ್ಥಾನದ ಸೇವಾ ಪಟ್ಟಿ, ಯಕ್ಷಗಾನದ ಕರಪತ್ರ ಎಲ್ಲ ಫೋಟೊ ತೆಗೆದು ಹಾಕ್ತಾರೆ, ಹೂವಿನಪೂಜೆಗೆ ಎಷ್ಟು, ಆಟ ಎಷ್ಟು ಗಂಟೆಗೆ ಅಂತ ಅದರಿಂದ ಒಂದಕ್ಷರ ಕೇಳ್ಲಿಕ್ಕೆ ಸಿಗುದಿಲ್ಲ. ಫೋಟೊದ ಕೆಳಗೆ ಅದನ್ನೇ ಟೈಪ್ ಮಾಡಿ ಹಾಕ್ಲಿಕ್ಕೆ ಹತ್ತು ನಿಮಿಷದ ಕೆಲಸ.

ಕೊನೆಯ ಪ್ರಶ್ನೆ, ಸೈಟ್ ಬಂದ್ ಮಾಡಿದ್ರೆ ಕೇಸ್ ಮುಗೀತಾ ಅಂತ. ಮುಗಿಯುದಿಲ್ಲ. ನಾಳೆ ಪುನಃ ತೆರೆಯುದಿಲ್ಲ ಅಂತ ಕೋರ್ಟಿಗೆ ನಂಬಿಕೆ ಬರ್ಬೇಕು, ರಾಜ್ಯದ ಕಾನೂನಿನಲ್ಲಿ ಕೇಳಿದ ದುಡ್ಡು ಹಾಗೇ ಉಳೀತದೆ, ವ್ಯಾಪಾರವೂ ನಿಂತು ಹೋಗ್ತದೆ. ತಿದ್ದುವ ಮೊದಲು ಈಗಿರುವ ಸೈಟಿನ ಪೂರ್ತಿ ಬ್ಯಾಕಪ್ ತೆಗೆದು ತಾರೀಕು ಹಾಕಿ ಇಡಿ, ಏನೇನು ಯಾವ ದಿನ ಸರಿ ಮಾಡಿದ್ರಿ ಅಂತ ಬರೆದಿಡಿ, ಕ್ಲೈಂಟಿನ ವಕೀಲರು ಮೊದಲು ಕೇಳುದು ಅದನ್ನೇ ಇರಬಹುದು. ಶುರು ಚೆಕ್‌ಔಟ್ ಪುಟದಿಂದ ಮಾಡಿ, ಹೋಮ್‌ಪೇಜ್ ಆಮೇಲೆ.

– ಸಂ.