ಸೂಜಿಯಿಲ್ಲದ ಹೊಲಿಗೆ ಯಂತ್ರ

ಪ್ರಶ್ನೆ: ನಮ್ಮ ಸಂಸ್ಥೆ 200 ಬಡ ಮಹಿಳೆಯರಿಗೆ ಹೊಲಿಗೆ ಯಂತ್ರ ಕೊಟ್ಟಿತ್ತು. ಎರಡು ವರ್ಷಗಳ ನಂತರ ವಿಚಾರಿಸಿದರೆ ಬಹುತೇಕ ಮನೆಗಳ ಆದಾಯ ಹೆಚ್ಚಿದೆ. ನಮ್ಮ ಯೋಜನೆಯಿಂದ ಬಡತನ ಇಳಿಯಿತು ಎಂದು ವರದಿಯಲ್ಲಿ ಬರೆಯಬಹುದೇ?

ಉತ್ತರ: ಈಗಲೇ ಬೇಡ. ಈ ಎರಡು ವರ್ಷ ಮಳೆ ಚೆನ್ನಾಗಿ ಆಗಿದ್ದರೆ, ಕೂಲಿ ಏರಿದ್ದರೆ, ಯಂತ್ರ ಸಿಗದ ಪಕ್ಕದ ಮನೆಯ ಆದಾಯವೂ ಹೆಚ್ಚಿರುತ್ತದೆ. ಆ ಮನೆಯ ಬಾಗಿಲನ್ನು ನೀವು ತಟ್ಟಿಯೇ ಇಲ್ಲವಲ್ಲ!

ಮೆಕ್ಸಿಕೊ 1997ರಲ್ಲಿ ಪ್ರೋಗ್ರೆಸಾ ಯೋಜನೆ ಶುರು ಮಾಡಿತು. ಮಕ್ಕಳನ್ನು ತಪ್ಪದೆ ಶಾಲೆಗೆ ಕಳುಹಿಸುವ ಬಡ ತಾಯಂದಿರಿಗೆ ನಗದು ಕೊಡುವ ಯೋಜನೆ ಅದು. ಅದರ ಫಲ ಅಳೆಯಲು 506 ಹಳ್ಳಿಗಳನ್ನು ಆರಿಸಿ, ಲಾಟರಿ ಎತ್ತಿದ ಹಾಗೆ 320 ಹಳ್ಳಿಗಳಿಗೆ ಮೊದಲು, 186 ಹಳ್ಳಿಗಳಿಗೆ ಆಮೇಲೆ ಕೊಟ್ಟರು. ಕಾದು ಕುಳಿತವರನ್ನೂ ಅವೇ ಪ್ರಶ್ನೆಗಳೊಂದಿಗೆ ಭೇಟಿಯಾದರು. ಎರಡು ಗುಂಪುಗಳ ನಡುವೆ ಕಂಡ ವ್ಯತ್ಯಾಸವೇ ಯೋಜನೆಯ ಫಲ. ನಿಮ್ಮಲ್ಲೂ ಮುಂದಿನ ಕಂತಿಗೆ ಅರ್ಜಿ ಹಾಕಿದವರು ಇರುತ್ತಾರೆ. ಯಂತ್ರ ಕೊಡುವ ಮುಂಚೆಯೇ ಅವರ ಮನೆಗೆ ಹೋಗಿ ಬನ್ನಿ.

ಇನ್ನು ಏನು ಕೇಳಬೇಕು ಎಂಬ ವಿಷಯ. ಹನ್ನೊಂದು ವರ್ಷ ಮನೆಮನೆ ಸಮೀಕ್ಷೆಗೆ ಅಲೆದವಳು ನಾನು. ಒಂದು ನಮೂನೆಯಲ್ಲಿ ‘ಯಂತ್ರ ಇದೆಯೇ?’ ಎಂಬ ಪ್ರಶ್ನೆಯಿತ್ತು. ಮೂಲೆಯಲ್ಲಿ ಯಂತ್ರ ಕಂಡಿತು, ‘ಹೌದು’ ಎಂದು ಗುರುತು ಹಾಕಿ ಎದ್ದೆ. ಅಷ್ಟರಲ್ಲಿ ಆ ಮನೆಯಾಕೆ ಅದರ ಮೇಲಿನ ಬಟ್ಟೆಯ ರಾಶಿಯನ್ನು ಸರಿಸಿದಳು. ಸೂಜಿಯಿರಲಿಲ್ಲ, ಬೆಲ್ಟ್ ಹರಿದು ಜೋತಾಡುತ್ತಿತ್ತು. ‘ಇದು ನಿಂತು ಎಂಟು ತಿಂಗಳಾಯಿತು, ಅದನ್ನೂ ಬರೆದುಕೊಳ್ಳಿ’ ಎಂದಳು. ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ; ಅಂಚಿನಲ್ಲಿ ಗೀಚಿಕೊಂಡೆ. ಅಂಚಿನ ಬರಹ ಯಾವ ಕೋಷ್ಟಕಕ್ಕೂ ಸೇರಲಿಲ್ಲ ಎನ್ನುವುದು ಬೇರೆ ಮಾತು.

ಆದಾಯದ ಬೆನ್ನು ಹತ್ತಬೇಡಿ. ದಿನಗೂಲಿಯ ಮನೆಯಲ್ಲಿ ಅದು ವಾರಕ್ಕೊಂದು ಬಗೆ. ವಿಶ್ವಬ್ಯಾಂಕು 2025ರ ಜೂನ್‌ನಲ್ಲಿ ಬಡತನ ರೇಖೆಯನ್ನು ದಿನಕ್ಕೆ 3 ಡಾಲರ್‌ಗೆ ಏರಿಸಿತಲ್ಲ, ಅದನ್ನೂ ಬಹುತೇಕ ಬಡ ದೇಶಗಳಲ್ಲಿ ಹೋಲಿಸುವುದು ಮನೆಯ ಬಳಕೆಯ ವೆಚ್ಚದೊಂದಿಗೆ. ಆಹಾರದ ಖರ್ಚನ್ನು ಕಳೆದ ಏಳು ದಿನಗಳಿಗೆ ಕೇಳಿ. ಇಡೀ ತಿಂಗಳದ್ದು ಕೇಳಿದರೆ ಎಷ್ಟೋ ಮರೆತುಹೋಗಿರುತ್ತದೆ. ಸಮೀಕ್ಷೆಯ ಎರಡು ಸುತ್ತುಗಳ ನಡುವೆ ಮಾತ್ರ ಈ ಅವಧಿಯನ್ನು ಬದಲಿಸಬೇಡಿ. ಬದಲಿಸಿದರೆ ಕಾಗದದ ಮೇಲಷ್ಟೇ ಬಡತನ ಏರಿಳಿಯುತ್ತದೆ.

ಯಂತ್ರ ಹಂಚಿದವರನ್ನೇ ಪ್ರಶ್ನೆ ಕೇಳಲು ಕಳುಹಿಸಬೇಡಿ. ಕೊಟ್ಟವರ ಮುಖ ನೋಡಿ ‘ಏನೂ ಉಪಯೋಗವಾಗಲಿಲ್ಲ’ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಸದ್ಯದ ವರದಿಯಲ್ಲಿ ‘ಆದಾಯ ಹೆಚ್ಚಿದೆ’ ಎಂಬುದು ಇರಲಿ. ‘ನಮ್ಮ ಯೋಜನೆಯಿಂದ’ ಎಂಬುದನ್ನು ಹೊಡೆದುಹಾಕಿ.