ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಪ್ಯಾನಿಷ್‌ನಲ್ಲಿ ನಿಯಮ ಮೀರುವ ಪಾರ್ಟಿಸಿಪಲ್‌ಗಳು

ಪ್ರಶ್ನೆ: ಡೆಲೆ ಎ2 (ಸ್ಪ್ಯಾನಿಷ್ ಭಾಷಾ ಪ್ರಮಾಣಪತ್ರದ) ಪರೀಕ್ಷೆಗೆ ಓದುತ್ತಿದ್ದೇನೆ. ಪ್ರೆಸೆಂಟ್ ಪರ್ಫೆಕ್ಟ್‌ನಲ್ಲಿ ‘ಅಬ್ಲಾದೊ’ (ಮಾತಾಡಿದ), ‘ಕೊಮಿದೊ’ (ತಿಂದ) ಸಲೀಸಾಗಿ ಬರುತ್ತವೆ. ‘ಎಚೊ’, ‘ಪ್ವೆಸ್ತೊ’ ಥರದವು ಬಂದ ಕೂಡಲೇ ತಡವರಿಸುತ್ತೇನೆ. ಇಂಥವು ಎಷ್ಟಿವೆ? ಹೇಗೆ ನೆನಪಿಡುವುದು?
— ಕೋಥ್ರೂಡ್, ಪುಣೆ

ಉತ್ತರ: ‘ಬರೆದಿದ್ದೇನೆ’ ಥರದ ಕಾಲ ಪ್ರೆಸೆಂಟ್ ಪರ್ಫೆಕ್ಟ್, ಅದರಲ್ಲಿನ ‘ಬರೆದು’ ಥರದ ಕೃದಂತ ಪಾರ್ಟಿಸಿಪಲ್. ನಿಯಮ ಮೀರುವವುಗಳಲ್ಲಿ ಈ ಹಂತದಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದವು 12. ಪುಸ್ತಕಗಳಲ್ಲಿ ಇವನ್ನು ಅಕಾರಾದಿಯಾಗಿ ಕೊಟ್ಟಿರುತ್ತಾರೆ. ಆ ಕ್ರಮ ಬಿಟ್ಟು, ಪ್ರಾಸ ಹಿಡಿದು ಜೋಡಿಸಿಕೊಳ್ಳಿ.

‘ಎರ್ತೊ’ ಗುಂಪು: ಅಬ್ರಿರ್ (ತೆರೆ) – ಅಬ್ಯೆರ್ತೊ, ಕುಬ್ರಿರ್ (ಮುಚ್ಚು) – ಕುಬ್ಯೆರ್ತೊ, ಮೊರಿರ್ (ಸಾಯು) – ಮ್ವೆರ್ತೊ.
‘ವೆ’ ಸ್ವರದ ಗುಂಪು: ಪೊನೆರ್ (ಇಡು) – ಪ್ವೆಸ್ತೊ, ಬೊಲ್ವೆರ್ (ಮರಳು) – ಬ್ವೆಲ್ತೊ, ರೆಸೊಲ್ವೆರ್ (ಬಗೆಹರಿಸು) – ರೆಸ್ವೆಲ್ತೊ.
‘ಚೊ’ ಗುಂಪು: ದೆಸಿರ್ (ಹೇಳು) – ದಿಚೊ, ಅಸೆರ್ (ಮಾಡು) – ಎಚೊ.
ಉಳಿದ ನಾಲ್ಕು: ಎಸ್ಕ್ರಿಬಿರ್ (ಬರೆ) – ಎಸ್ಕ್ರಿತೊ, ಬೆರ್ (ನೋಡು) – ಬಿಸ್ತೊ, ರೊಂಪೆರ್ (ಮುರಿ) – ರೊತೊ, ಫ್ರೆಇರ್ (ಕರಿ) – ಫ್ರಿತೊ.

‘ಅಬ್ಲಾದೊ’, ‘ಕೊಮಿದೊ’ಗಳಲ್ಲಿ ಒತ್ತು ಬೀಳುವುದು ‘ಆದೊ’, ‘ಇದೊ’ ಎಂಬ ಪ್ರತ್ಯಯದ ಮೇಲೆ. ಈ 12ರಲ್ಲಿ ಒತ್ತು ಧಾತುವಿನ ಮೇಲೇ ನಿಲ್ಲುತ್ತದೆ. ಲ್ಯಾಟಿನ್‌ನ ‘ಫಾಕ್ಟುಮ್’, ‘ದಿಕ್ಟುಮ್’ಗಳಲ್ಲೂ ಒತ್ತು ಹೀಗೇ ಇತ್ತು. ಅಲ್ಲಿನ ‘ಕ್ಟ್’ ಸ್ಪ್ಯಾನಿಷ್‌ಗೆ ಬರುವಾಗ ‘ಚ್’ ಆಗಿ ಎಚೊ, ದಿಚೊ ಉಳಿದವು. ದಿನಬಳಕೆಯ ಕ್ರಿಯಾಪದಗಳಾದ್ದರಿಂದ ಹಳೆಯ ರೂಪ ಸವೆದರೂ ಅಳಿಯಲಿಲ್ಲ. ಕನ್ನಡದಲ್ಲೂ ಮಾಡಿ, ನೋಡಿ, ಹಾಡಿ ಎನ್ನುವ ನಾವು ಕೊಡು ಎಂಬುದಕ್ಕೆ ‘ಕೊಟ್ಟು’, ಬೀಳು ಎಂಬುದಕ್ಕೆ ‘ಬಿದ್ದು’ ಎನ್ನುತ್ತೇವೆ.

12 ಬಂದರೆ ಅವುಗಳ ಸಂತತಿಯೂ ಬಂದಂತೆ. ದೆಸ್ಕುಬ್ರಿರ್ (ಕಂಡುಹಿಡಿ) – ದೆಸ್ಕುಬ್ಯೆರ್ತೊ, ದೆವೊಲ್ವೆರ್ (ಹಿಂದಿರುಗಿಸು) – ದೆವ್ವೆಲ್ತೊ, ಕೊಂಪೊನೆರ್ (ರಚಿಸು) – ಕೊಂಪ್ವೆಸ್ತೊ, ಪ್ರೆಬೆರ್ (ಮುಂಗಾಣು) – ಪ್ರೆಬಿಸ್ತೊ. ಆದರೆ ಇಲ್ಲೂ ಎರಡು ಕಡೆ ಎಚ್ಚರ ಬೇಕು. ದೆಸಿರ್‌ನಿಂದ ಬಂದ ಬೆಂದೆಸಿರ್ (ಹರಸು) ಪರ್ಫೆಕ್ಟ್‌ನಲ್ಲಿ ‘ಬೆಂದೆಸಿದೊ’. ರೊಂಪೆರ್‌ನ ನೆಂಟನಾದ ಕೊರ್ರೊಂಪೆರ್ (ಕೆಡಿಸು) ‘ಕೊರ್ರೊಂಪಿದೊ’.

ಹೆಚ್ಚು ಅಂಕ ಹೋಗುವುದು ಉಲ್ಟಾ ತಪ್ಪಿನಲ್ಲಿ: ವರ್ತಮಾನದಲ್ಲಿ ಸ್ವರ ಬದಲಿಸುವ ಕ್ರಿಯಾಪದಗಳೆಲ್ಲ ಇಲ್ಲೂ ನಿಯಮ ಮುರಿಯುತ್ತವೆ ಎಂದುಕೊಳ್ಳುವುದು. ‘ದ್ವೆರ್ಮೊ’ (ಮಲಗುತ್ತೇನೆ), ‘ಮ್ವೆರೊ’ (ಸಾಯುತ್ತೇನೆ) ಒಂದೇ ಅಚ್ಚಿನಲ್ಲಿವೆ. ಆದರೂ ಮೊದಲನೆಯದರ ಪಾರ್ಟಿಸಿಪಲ್ ‘ದೊರ್ಮಿದೊ’, ಎರಡನೆಯದರದು ‘ಮ್ವೆರ್ತೊ’. ತೆನೆರ್ (ಹೊಂದಿರು), ಬೆನಿರ್ (ಬರು), ಪೆದಿರ್ (ಬೇಡು), ಪೊದೆರ್ (ಸಾಧ್ಯವಾಗು) ಇವೆಲ್ಲ ನಿಯಮದವೇ: ತೆನಿದೊ, ಬೆನಿದೊ, ಪೆದಿದೊ, ಪೊದಿದೊ. ಸೆರ್ (ಇರು), ಇರ್ (ಹೋಗು) ಕೂಡ ‘ಸಿದೊ’, ‘ಇದೊ’ ಅಷ್ಟೇ. ಲೆಇದೊ (ಓದಿದ), ಒಇದೊ (ಕೇಳಿದ), ತ್ರಾಇದೊ (ತಂದ) ಎಂಬವು ನಿಯಮದವೇ, ಆದರೆ ‘ಇ’ ಮೇಲಿನ ಒತ್ತುಗೆರೆ ಬಿಟ್ಟರೆ ಕಾಗುಣಿತದ ತಪ್ಪು.

ಕಾರ್ಡ್ ಮಾಡಿಕೊಳ್ಳುವುದಾದರೆ ಒಂದು ಬದಿಗೆ ಮೂಲರೂಪ ಬರೆಯಿರಿ. ಹಿಂಬದಿಗೆ ಬರೀ ‘ರೊತೊ’ ಬೇಡ, ಇಡೀ ವಾಕ್ಯ ಬರೆಯಿರಿ: ‘ಸೆ ಅ ರೊತೊ ಎಲ್ ಪರಾಗ್ವಾಸ್’ (ಛತ್ರಿ ಮುರಿದಿದೆ, ಜುಲೈಯಲ್ಲಿ ಪುಣೆಯಲ್ಲಿದ್ದವರಿಗೆ ಈ ವಾಕ್ಯ ಮರೆಯದು). ಆಮೇಲೆ ಅದೇ ಕ್ರಿಯಾಪದವನ್ನು ಪ್ರಶ್ನೆ ಮಾಡಿ, ಇಲ್ಲ ಎಂದು ಉತ್ತರಿಸಿ: ‘ಯಾ ಅಸ್ ಎಸ್ಕ್ರಿತೊ ಎಲ್ ಕೊರ್ರೆಒ?’ (ಮೇಲ್ ಬರೆದಾಯಿತಾ?) ‘ತೊದವಿಆ ನೊ ಲೊ ಎ ಎಸ್ಕ್ರಿತೊ’ (ಇನ್ನೂ ಬರೆದಿಲ್ಲ). ಬಿಡಿ ಪದವಾಗಿ ಕಲಿತದ್ದು ಮಾತಿನ ವೇಗಕ್ಕೆ ಸಿಗುವುದಿಲ್ಲ, ಬಾಯಿಗೆ ‘ಎಸ್ಕ್ರಿಬಿದೊ’ ಬಂದುಬಿಡುತ್ತದೆ.

ಪ್ರಶ್ನೆ: ‘ಎ ಎಸ್ಕ್ರಿತಾ ಲಾ ಕಾರ್ತಾ’ ಎಂದು ಬರೆದೆ, ಟೀಚರ್ ಕೆಂಪು ಗೆರೆ ಹಾಕಿದರು. ಕಾರ್ತಾ (ಪತ್ರ) ಸ್ತ್ರೀಲಿಂಗ ಅಲ್ಲವೇ?
— ಡೊಂಬಿವಲಿ

ಉತ್ತರ: ಸ್ತ್ರೀಲಿಂಗವೇ. ಹಾಗಿದ್ದರೂ ‘ಎ ಎಸ್ಕ್ರಿತೊ ಲಾ ಕಾರ್ತಾ’ ಎಂದೇ ಬರೆಯಬೇಕು. ಇದು ಮರಾಠಿ ಚೆನ್ನಾಗಿ ಬರುವವರಿಂದ ಆಗುವ ತಪ್ಪು. ‘ಮೀ ಪತ್ರ ಲಿಹಿಲಂ ಆಹೇ’, ‘ಮೀ ಚಿಠ್ಠಿ ಲಿಹಿಲೀ ಆಹೇ’ ಎನ್ನುವಾಗ ಕೃದಂತ ಕರ್ಮದ ಲಿಂಗ ಹಿಡಿಯುತ್ತದೆ, ಹಿಂದಿಯಲ್ಲೂ ಹಾಗೆಯೇ. ಇಲ್ಲಿ ಕನ್ನಡವನ್ನು ನಂಬಿ. ಪತ್ರವಾಗಲಿ ಚೀಟಿಯಾಗಲಿ ನಮ್ಮದು ‘ಬರೆದಿದ್ದೇನೆ’. ‘ಬರೆದು’ ಅಲ್ಲಾಡುವುದಿಲ್ಲ, ಇದ್ದೇನೆ, ಇದ್ದಾಳೆ, ಇದ್ದಾರೆ ಎಂಬ ಭಾಗ ಮಾತ್ರ ಕರ್ತೃವಿನ ಪ್ರಕಾರ ಬದಲಾಗುತ್ತದೆ. ಸ್ಪ್ಯಾನಿಷ್‌ನಲ್ಲೂ ಬದಲಾಗುವುದು ಸಹಾಯಕವಾದ ‘ಅಬೆರ್’ ಒಂದೇ: ಎ (ನಾನು), ಅಸ್ (ನೀನು), ಅ (ಅವನು, ಅವಳು), ಎಮೊಸ್ (ನಾವು), ಅಬೆಯ್ಸ್ (ನೀವು), ಅನ್ (ಅವರು). ಬರವಣಿಗೆಯಲ್ಲಿ ಇವೆಲ್ಲಕ್ಕೂ ಮೊದಲು ಎಚ್ ಅಕ್ಷರ ಬೇಕು, ಉಚ್ಚಾರದಲ್ಲಿ ಅದು ಇಲ್ಲ.

ಲಿಂಗ ವಚನ ಬೇಕಾಗುವುದು ‘ಅಬೆರ್’ ಇಲ್ಲದ ಕಡೆ: ‘ಲಾ ಕಾರ್ತಾ ಎಸ್ತಾ ಎಸ್ಕ್ರಿತಾ’ (ಪತ್ರ ಬರೆದಾಗಿದೆ), ‘ಲಾಸ್ ಬೆಂತಾನಾಸ್ ಎಸ್ತಾನ್ ಅಬ್ಯೆರ್ತಾಸ್’ (ಕಿಟಕಿಗಳು ತೆರೆದಿವೆ).

ಕನ್ನಡ ಕೈಕೊಡುವ ಜಾಗ ಪದಕ್ರಮ. ನಾವು ‘ಬರೆದೂ ಇದ್ದೇನೆ’ ಎಂದು ನಡುವೆ ಏನಾದರೂ ಸೇರಿಸಬಲ್ಲೆವು. ಸ್ಪ್ಯಾನಿಷ್‌ನಲ್ಲಿ ಅಬೆರ್‌ಗೂ ಪಾರ್ಟಿಸಿಪಲ್‌ಗೂ ನಡುವೆ ಯಾವ ಪದವನ್ನೂ ತೂರಿಸಬೇಡಿ. ‘ಸ್ಯೆಂಪ್ರೆ ಎ ದಿಚೊ’ (ಯಾವಾಗಲೂ ಹೇಳಿದ್ದೇನೆ) ಸರಿ, ‘ಎ ಸ್ಯೆಂಪ್ರೆ ದಿಚೊ’ ಅಲ್ಲ. ‘ನೊ’ (ಇಲ್ಲ), ‘ಲೊ’ (ಅದನ್ನು), ‘ಸೆ’ (ತನ್ನನ್ನು) ಎಲ್ಲವೂ ಅಬೆರ್‌ಗಿಂತ ಮುಂಚೆ.

ಪ್ರಶ್ನೆ: ಸ್ವಲ್ಪ ಪೋರ್ಚುಗೀಸ್ ಕಲಿತಿದ್ದೇನೆ, ಈಗ ಸ್ಪ್ಯಾನಿಷ್ ಶುರು ಮಾಡಿದ್ದೇನೆ. ಎರಡೂ ಒಂದೇ ಥರ ಕಾಣುತ್ತವೆ. ಪಾರ್ಟಿಸಿಪಲ್ ಬೇರೆಯಾಗಿ ಕಲಿಯಬೇಕೇ?
— ಮಡಗಾಂವ್, ಗೋವಾ

ಉತ್ತರ: ಅರ್ಧ ಕೆಲಸ ಮುಗಿದಿದೆ. ಪೋರ್ಚುಗೀಸ್‌ನಲ್ಲೂ ಮಾಡು, ಹೇಳು, ಬರೆ, ನೋಡು, ಇಡು, ತೆರೆ ಎಂಬ ಕ್ರಿಯಾಪದಗಳೇ ನಿಯಮ ಮೀರುವುದು. ತಪ್ಪುವುದು ಬೇರೆ ಕಡೆ. ಅಲ್ಲಿನ ‘ರೆಜೊಲ್ವಿದು’, ‘ದೆವೊಲ್ವಿದು’ ನಿಯಮದ ರೂಪಗಳು, ಇಲ್ಲಿ ಅವು ರೆಸ್ವೆಲ್ತೊ, ದೆವ್ವೆಲ್ತೊ. ಅಲ್ಲಿನ ಗಿಡ್ಡ ರೂಪಗಳಾದ ‘ಪಾಗು’ (ಪಾವತಿಸಿದ), ‘ಗಾನ್ಯು’ (ಗೆದ್ದ), ‘ಗಾಶ್ತು’ (ಖರ್ಚಾದ) ಇಲ್ಲಿ ಪಗಾದೊ, ಗನಾದೊ, ಗಸ್ತಾದೊ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಅರ್ಥದ್ದು. ಪೋರ್ಚುಗೀಸ್‌ನ ‘ತೆನ್ಯು ಫೆಯ್ತು’ ಎಂದರೆ ಇತ್ತೀಚೆಗೆ ಮತ್ತೆ ಮತ್ತೆ ಮಾಡುತ್ತ ಬಂದಿದ್ದೇನೆ ಎಂಬ ಭಾವ. ಸ್ಪ್ಯಾನಿಷ್‌ನ ‘ಎ ಎಚೊ’ ಒಮ್ಮೆ ಮಾಡಿ ಮುಗಿಸಿದ್ದಕ್ಕೂ ಸಲ್ಲುತ್ತದೆ. ಸಹಾಯಕವಾಗಿ ‘ತೆಂಗೊ’ (‘ತೆನ್ಯು’ವಿನ ಸ್ಪ್ಯಾನಿಷ್ ಜೋಡಿ) ಹಾಕುವ ಅಭ್ಯಾಸವನ್ನು ಮೊದಲ ವಾರದಲ್ಲೇ ಬಿಡಿ.

ಪ್ರಶ್ನೆ: ನಮ್ಮ ಗ್ರಾಹಕರು ಮೆಕ್ಸಿಕೊದವರು. ಕ್ಲಾಸಿನಲ್ಲಿ ಕಲಿತ ‘ಎ ಎಚೊ’, ‘ಎ ಎಸ್ಕ್ರಿತೊ’ ಅವರ ಬಾಯಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ. ಕಲಿತದ್ದು ತಪ್ಪೇ?
— ಹಿಂಜವಡಿ, ಪುಣೆ

ಉತ್ತರ: ತಪ್ಪಲ್ಲ. ಸ್ಪೇನ್‌ನ ಬಹುಭಾಗದಲ್ಲಿ ಇಂದು, ಈ ವಾರ, ಈ ವರ್ಷ ನಡೆದದ್ದಕ್ಕೆ ಪರ್ಫೆಕ್ಟ್: ‘ಒಯ್ ಎ ಎಸ್ಕ್ರಿತೊ’ (ಇಂದು ಬರೆದಿದ್ದೇನೆ). ಮೆಕ್ಸಿಕೊದಲ್ಲಿ ಮುಗಿದ ಕೆಲಸ ಇಂದಿನದಾದರೂ ಸಾಮಾನ್ಯ ಭೂತಕಾಲ: ‘ಒಯ್ ಎಸ್ಕ್ರಿಬಿ’ (ಇಂದು ಬರೆದೆ). ‘ಬಗೆಹರಿಸಿದಿರಾ?’ ಎಂದು ಕೇಳಲು ‘ಯಾ ಲೊ ರೆಸೊಲ್ವ್ಯೊ?’ ಎಂದರೆ ಅವರಿಗೆ ಸಹಜ. ಆದರೆ ಕೆಲಸ ಇನ್ನೂ ಬಾಕಿ ಇದ್ದರೆ ಅಲ್ಲೂ ಪರ್ಫೆಕ್ಟೇ ಬೇಕು: ‘ತೊದವಿಆ ನೊ ಲೊ ಎಮೊಸ್ ರೆಸ್ವೆಲ್ತೊ’ (ಇನ್ನೂ ಬಗೆಹರಿಸಿಲ್ಲ). ಗ್ರಾಹಕರಿಗೆ ಉತ್ತರಿಸುವಾಗ ಈ ವಾಕ್ಯ ಬಾಯಿಪಾಠವಿರಲಿ. ‘ಅಬೆಯ್ಸ್’ ರೂಪ ಮೆಕ್ಸಿಕೊದಲ್ಲಿ ಬಳಕೆಯಲ್ಲಿಲ್ಲ, ಹಲವರನ್ನು ‘ನೀವು’ ಎನ್ನುವಾಗಲೂ ‘ಅನ್’ ಸಾಕು. ‘ಅಯೆರ್’ (ನಿನ್ನೆ) ಬಂದ ವಾಕ್ಯಕ್ಕೆ ಎರಡೂ ಕಡೆ ಸಾಮಾನ್ಯ ಭೂತಕಾಲವೇ ಸುರಕ್ಷಿತ.

ಪ್ರಶ್ನೆ: ‘ಇಂಪ್ರಿಮಿದೊ’ ಸರಿಯೋ, ‘ಇಂಪ್ರೆಸೊ’ ಸರಿಯೋ?
— ಮುಲುಂಡ್, ಮುಂಬೈ

ಉತ್ತರ: ಎರಡೂ ಸರಿ. ಇಂಪ್ರಿಮಿರ್ (ಮುದ್ರಿಸು), ಫ್ರೆಇರ್ (ಕರಿ), ಪ್ರೊವೆಎರ್ (ಒದಗಿಸು) ಈ ಮೂರಕ್ಕೆ ಸ್ಪ್ಯಾನಿಷ್ ಅಕಾಡೆಮಿ ಎರಡೆರಡು ರೂಪ ಒಪ್ಪುತ್ತದೆ. ‘ಎ ಫ್ರೆಇದೊ’ ಕೂಡ ಸಾಧುವೇ, ‘ಎ ಫ್ರಿತೊ’ ಹೆಚ್ಚು ಬಳಕೆಯದು. ವಿಶೇಷಣವಾಗಿ ಮಾತ್ರ ಗಿಡ್ಡ ರೂಪವನ್ನೇ ಹಾಕಿ: ‘ಪಪಾಸ್ ಫ್ರಿತಾಸ್’ (ಕರಿದ ಆಲೂಗಡ್ಡೆ). ಈ ಸಲಿಗೆಯನ್ನು ‘ದೆಸ್ಪ್ಯೆರ್ತೊ’ (ಎಚ್ಚರವಿರುವ), ‘ಎಲೆಕ್ತೊ’ (ಚುನಾಯಿತ) ತನಕ ಎಳೆಯಬೇಡಿ. ಅವು ವಿಶೇಷಣಗಳು ಮಾತ್ರ. ಅಬೆರ್ ಜೊತೆ ಬರುವುದು ದೆಸ್ಪೆರ್ತಾದೊ, ಎಲೆಹಿದೊ.