ಆ ಒಲೆ ಹೊತ್ತಿಸುವ ಮುಂಚೆ

ತಂಗಿ, ಬರ್ಮಿಂಗ್‌ಹ್ಯಾಮಿನ ನಿನ್ನ ಬಾಡಿಗೆ ಮನೆಯ ಹಾಲಿನಲ್ಲಿ ಸೌದೆ ಒಲೆ ಇದೆ, ಚಳಿಗೆ ಹೊತ್ತಿಸಬಹುದಾ, ದಂಡ ಹಾಕುತ್ತಾರಂತೆ ನಿಜವಾ ಅಂತ ಕೇಳಿದ್ದೀಯ. ಹೊತ್ತಿಸಬಹುದು. ಆದರೆ ಒಲೆ ಯಾವುದು, ಸೌದೆ ಎಂಥದ್ದು ಅಂತ ಮೊದಲು ನೋಡಬೇಕು.

ಬರ್ಮಿಂಗ್‌ಹ್ಯಾಮ್ ಇಡೀ ಊರೇ ಸ್ಮೋಕ್ ಕಂಟ್ರೋಲ್ ಏರಿಯಾ, ಅಂದರೆ ಚಿಮಣಿ ಹೊಗೆಗೆ ಕಡಿವಾಣ ಇರುವ ಪ್ರದೇಶ. ಇಂಥ ಕಡೆ ತೆರೆದ ಅಗ್ಗಿಷ್ಟಿಕೆಯಲ್ಲಿ ಸೌದೆ ಉರಿಸುವ ಹಾಗಿಲ್ಲ. ಸರ್ಕಾರದ ಪರಿಸರ ಇಲಾಖೆ ಡೆಫ್ರಾ ವಿನಾಯಿತಿ ಕೊಟ್ಟ ಒಲೆಯೇ ಆಗಬೇಕು. ಮಾಲೀಕರ ಹತ್ತಿರ ಕಂಪನಿ, ಮಾಡೆಲ್ ಕೇಳಿಕೊಂಡು ಡೆಫ್ರಾದ ಪಟ್ಟಿಯಲ್ಲಿ ಹುಡುಕು. 'ಇಕೋಡಿಸೈನ್' ಅಂತ ಬರೆದಿದ್ದರೆ ಸಾಕು ಅಂದುಕೊಳ್ಳಬೇಡ, ಅದು ಹೊಸ ಒಲೆಗಳ ಹೊಗೆ, ದಕ್ಷತೆಯ ಮಾನದಂಡ; ಡೆಫ್ರಾ ವಿನಾಯಿತಿ ಬೇರೆ. ಚಿಮಣಿಯಿಂದ ಹೊಗೆ ಎದ್ದರೆ ಕೌನ್ಸಿಲ್‌ನವರು 175ರಿಂದ 300 ಪೌಂಡ್ ದಂಡ ಹಾಕಬಹುದು. ವಿನಾಯಿತಿ ಇಲ್ಲದ ಒಲೆಗೆ ಸೌದೆ ಕೊಂಡರೆ 1,000 ಪೌಂಡ್‌ವರೆಗೂ ಹೋಗುತ್ತದೆ.

ಇನ್ನು ಸೌದೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲ ಹಿಡಿಯುವ ಮುಂಚೆಯೇ ಸೀಳಿ, ಒಣಗಿಸಿ ಕೊಟ್ಟಿಗೆ ತುಂಬಿಸುತ್ತಿದ್ದೆವು. ಹಸಿ ಸೌದೆ ಇಟ್ಟರೆ ಬಚ್ಚಲು ಒಲೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಜಾಸ್ತಿ. ಇಲ್ಲಿನ ಕಾನೂನು ಹೇಳುವುದೂ ಅದನ್ನೇ. 2021ರ ಮೇ ತಿಂಗಳಿಂದ ಇಂಗ್ಲೆಂಡಿನಲ್ಲಿ ಚೀಲದಲ್ಲಿ ಮಾರುವ ಸೌದೆಯಲ್ಲಿ ನೀರಿನಂಶ ಶೇಕಡಾ 20 ಮೀರುವಂತಿಲ್ಲ. 'ರೆಡಿ ಟು ಬರ್ನ್' ಗುರುತು ನೋಡಿ ತೆಗೆದುಕೋ. ತಂದ ಮೇಲೆ ಮಳೆ ತಾಗದ, ಗಾಳಿಯಾಡುವ ಕಡೆ ಇಡು. ಬಣ್ಣ ಬಳಿದ ಹಲಗೆ, ಹಳೇ ಪೀಠೋಪಕರಣ ಸುಮ್ನೆ ಸಿಕ್ಕಿದರೂ ಬೇಡ. ಅವುಗಳ ಹೊಗೆಯಲ್ಲಿ ವಿಷ ಇರುತ್ತದೆ.

ಹಸಿ ಸೌದೆ ಉರಿಸುವ ತಪ್ಪು ನಾನೂ ಮಾಡಿದ್ದೇನೆ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಹಿತ್ತಲಿನ ಮರದ ಕೊಂಬೆ ಕಡಿದು ಅದೇ ತಿಂಗಳು ಉರಿಸಿದೆ. ಮರುದಿನ ಪಕ್ಕದ ಮನೆಯ ಅಜ್ಜಿ ಬಂದರು. ಅವರಿಗೆ ಉಬ್ಬಸ. ರಾತ್ರಿಯಿಡೀ ಕೂತೇ ಕಳೆದರಂತೆ. ಬೈಯಲಿಲ್ಲ, ಕೇಳಿಕೊಂಡರು. ಇವತ್ತಿಗೂ ನೆನೆಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಮ್ಮೂರಲ್ಲಿ ಮನೆಯಿಂದ ಮನೆಗೆ ತೋಟದಷ್ಟು ದೂರ. ಇಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿದೆ, ಹೊಗೆ ಅವರ ಕಿಟಕಿಗೇ ಹೋಗುತ್ತದೆ, ಅಲ್ವಾ?

ಈ ದೇಶದವರಿಗೆ ಹೊಗೆಯ ಭಯ ಹಳೆಯದು. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ಐದು ದಿನ ಕಲ್ಲಿದ್ದಲಿನ ಹೊಗೆ ಕವಿದು ಸಾವಿರಾರು ಜನ ಸತ್ತರು. 1956ರ ಕ್ಲೀನ್ ಏರ್ ಆಕ್ಟ್ ಅನ್ನುವ ಶುದ್ಧ ಗಾಳಿ ಕಾನೂನು ಬಂದದ್ದು ಅದರಿಂದ. ಸ್ಮೋಕ್ ಕಂಟ್ರೋಲ್ ಏರಿಯಾಗಳೂ ಆಗ ಶುರುವಾದವು.

ಬಾಡಿಗೆ ಮನೆ ಅಂತ ಇನ್ನೊಂದು ಮಾತು. ಒಲೆ ಇರುವ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸುವುದು ಮಾಲೀಕರ ಹೊಣೆ. ಒಲೆಯಿಂದ ಬರಬಹುದಾದ ಆ ವಿಷಾನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಚಿಮಣಿಯ ಮಸಿ ಕೊನೆಗೆ ಯಾವಾಗ ತೆಗೆಸಿದ್ದು ಅಂತಲೂ ಕೇಳು. ಇವತ್ತೇ ಮೆಸೇಜ್ ಹಾಕು. ಉತ್ತರ ಬರುವ ತನಕ ಹೀಟರ್ ಹಾಕಿಕೊಂಡು ಮಲಗು.